ಮಕ್ಕಳ ಜೊತೆ ದುಬೈ ಪ್ರವಾಸವೇ? ಟಿಕೆಟ್‌ಗೆ ಮೊದಲು ತಿಂಗಳು ನೋಡಿ, ಬ್ಯಾಗ್ ಕಟ್ಟುವ ಮೊದಲು ಗಸಗಸೆ ತೆಗೆದಿಡಿ

ಕುಂದಾಪುರ: ನಮ್ಮ ತಾಲೂಕಿನವರಿಗೆ ದುಬೈ ಅಂದ್ರೆ ಪರದೇಶ ಅನ್ನಿಸೋದೇ ಇಲ್ಲ. ಪೇಟೆಯಲ್ಲಿ ನಾಲ್ಕು ಅಂಗಡಿ ಹತ್ತಿ ಇಳಿದರೆ ಒಬ್ಬರ ತಮ್ಮ, ಇನ್ನೊಬ್ಬರ ಬಾವ ಅಲ್ಲಿ ಕೆಲಸದಲ್ಲಿ ಇರ್ತಾರೆ. ಇಷ್ಟು ವರ್ಷ ಇಲ್ಲಿಂದ ಹೋಗ್ತಿದ್ದವರು ದುಡಿಯೋಕೆ ಹೋಗೋರು. ಈಗ ಅಂಗಡಿಯವರು, ಟೀಚರ್‌ಗಳು, ಸಣ್ಣಪುಟ್ಟ ವ್ಯಾಪಾರದವರೂ ಒಂದು ವಾರದ ಮಟ್ಟಿಗೆ ಹೆಂಡತಿ ಮಕ್ಕಳನ್ನು ಕರ್ಕೊಂಡು ನೋಡೋಕೆ ಹೊರಡ್ತಿದ್ದಾರೆ. ಮಂಗಳೂರಿನಿಂದ ನೇರ ವಿಮಾನ ಇದೆ, ನಾಲ್ಕು ಗಂಟೆಯೊಳಗೆ ಇಳಿಸುತ್ತೆ.

ಆದರೆ ದೊಡ್ಡವರು ಹೋಗಿ ಬರೋದು ಬೇರೆ, 2 ವರ್ಷ, 5 ವರ್ಷದ ಮಕ್ಕಳನ್ನು ಮರಳುಗಾಡಿನ ಊರಿಗೆ ಕರ್ಕೊಂಡು ಹೋಗೋದು ಬೇರೆ. ಅಂಗಡಿ ಬಾಗಿಲು ಹಾಕಿ, ವರ್ಷಗಟ್ಟಲೆ ಉಳಿಸಿದ ದುಡ್ಡು ಹಾಕಿ ಹೋಗೋದು. ಅಲ್ಲಿ ಮಗು ಬಿಸಿಲಿಗೆ ಬಿದ್ದರೆ, ಇಲ್ಲಾ ಬ್ಯಾಗಲ್ಲಿ ಇರಬಾರದ್ದು ಸಿಕ್ಕಿ ಏರ್‌ಪೋರ್ಟಲ್ಲಿ ನಿಲ್ಲಿಸಿದರೆ ಎಲ್ಲ ನೀರುಪಾಲು. ಯಾವ ಯಾವ ಜಾಗ ನೋಡಬೇಕು ಅಂತ ಏಜೆಂಟರು ಪಟ್ಟಿ ಕೊಡ್ತಾರೆ. ಮಗುವಿನ ನಿದ್ದೆ, ಊಟ, ಬಿಸಿಲಿನ ಲೆಕ್ಕ ಮಾತ್ರ ನಾವೇ ಹಾಕಬೇಕು. ಅದನ್ನು ಹೇಗೆ ಹಾಕೋದು ಅನ್ನೋದೇ ಈ ಬರಹ.

ಯಾವ ತಿಂಗಳು ಹೋಗೋದು?

ಇದೊಂದು ಸರಿಯಾದರೆ ಅರ್ಧ ಪ್ರವಾಸ ಸರಿಯಾದ ಹಾಗೆ. ದುಬೈಯಲ್ಲಿ ಜನವರಿ ಹಗಲು ಸುಮಾರು 24 ಡಿಗ್ರಿ, ರಾತ್ರಿ 14-15. ಮಕ್ಕಳಿಗೆ ತೆಳು ಸ್ವೆಟರ್ ಬೇಕಾಗುವ ಹವೆ. ಏಪ್ರಿಲ್‌ಗೆ 33 ದಾಟುತ್ತೆ, ಮೇ ತಿಂಗಳಲ್ಲಿ 37-38. ಜುಲೈ, ಆಗಸ್ಟ್‌ನಲ್ಲಿ 41ರ ಮೇಲೆ, ರಾತ್ರಿಯೂ 30ರ ಕೆಳಗೆ ಇಳಿಯೋದು ಕಷ್ಟ. ಮರಳುಗಾಡು ಅಂದರೂ ಅದು ಸಮುದ್ರ ತೀರದ ಊರು. ಹಾಗಾಗಿ ಒಣ ಸೆಕೆ ಅಲ್ಲ, ನಮ್ಮ ಕರಾವಳಿಯ ಬೆವರಿನ ಸೆಕೆಯೇ ಇನ್ನೂ ಏಳೆಂಟು ಡಿಗ್ರಿ ಏರಿದ ಹಾಗೆ.

ನಮ್ಮ ಕಷ್ಟ ಇರೋದು ಇಲ್ಲೇ. ಇಲ್ಲಿನ ಶಾಲೆಗಳ ದೊಡ್ಡ ರಜೆ ಏಪ್ರಿಲ್-ಮೇ. ಅಂಗಡಿಯವರಿಗೆ ಅದೇ ಮದುವೆ ಸೀಸನ್, ಬಿಟ್ಟು ಹೋಗೋಕಾಗಲ್ಲ. ಜೂನ್-ಜುಲೈ ಮಳೆಯಲ್ಲಿ ವ್ಯಾಪಾರ ಡಲ್, ದುಬೈ ಹೋಟೆಲ್ ರೇಟೂ ಅರ್ಧಕ್ಕೆ ಬಂದಿರುತ್ತೆ, ಆಗ ಹೋಗಿಬರೋಣ ಅನ್ನಿಸೋದು ಸಹಜ. ಆದರೆ ರೇಟು ಇಳಿಯೋದು ಸುಮ್ಮನೆ ಅಲ್ಲ. ಯುಎಇ ಸರ್ಕಾರ ಪ್ರತಿ ವರ್ಷ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಿಸಿಲಲ್ಲಿ ಕೆಲಸ ಮಾಡಿಸೋದನ್ನೇ ನಿಷೇಧಿಸುತ್ತೆ. ಗಟ್ಟಿಮುಟ್ಟಾದ ಕಾರ್ಮಿಕರನ್ನೇ ಆ ಹೊತ್ತಲ್ಲಿ ನೆರಳಿಗೆ ಕಳಿಸ್ತಾರೆ ಅಂದ್ಮೇಲೆ 3 ವರ್ಷದ ಮಗುವನ್ನು ಬೀಚಿಗೆ ಕರ್ಕೊಂಡು ಹೋಗೋ ಮಾತೆಲ್ಲಿ? ಹೂವಿನ ಮಿರಾಕಲ್ ಗಾರ್ಡನ್, ಗ್ಲೋಬಲ್ ವಿಲೇಜ್ ಕೂಡ ಬೇಸಿಗೆಯಲ್ಲಿ ಮುಚ್ಚಿರುತ್ತವೆ.

ಒಳ್ಳೇ ಕಾಲ ನವೆಂಬರ್‌ನಿಂದ ಮಾರ್ಚ್. ಅದರಲ್ಲೂ ಕ್ರಿಸ್‌ಮಸ್, ಹೊಸ ವರ್ಷದ ವಾರ ರೇಟು ತುಂಬ ಜಾಸ್ತಿ. ಅದಕ್ಕೆ ಮೊದಲಿನ ಡಿಸೆಂಬರ್ ಆರಂಭದ ದಿನಗಳು, ಇಲ್ಲಾ ಜನವರಿ ಮಧ್ಯದ ನಂತರ ನೋಡಿ. ಅಂಗನವಾಡಿ, ಎಲ್‌ಕೆಜಿ, ಒಂದನೇ ಕ್ಲಾಸಿನ ಮಕ್ಕಳಾದರೆ ಟೀಚರಿಗೆ ಹೇಳಿ ಐದು ದಿನ ರಜೆ ಹಾಕಿಸೋದೇ ಲೇಸು. ಮೇ ತಿಂಗಳ ಬಿಸಿಲಿಗಿಂತ ಐದು ದಿನದ ಪಾಠ ದೊಡ್ಡದಲ್ಲ. ದಸರಾ ರಜೆಯಲ್ಲೇ ಹೋಗಬೇಕು ಅಂದ್ರೆ ಅಕ್ಟೋಬರ್ ಆರಂಭದಲ್ಲಿ ಅಲ್ಲಿನ್ನೂ 36ರ ಆಸುಪಾಸು ಇರುತ್ತೆ. ಹಗಲು ಒಳಗೆ, ಸಂಜೆ ಹೊರಗೆ ಅಂತ ಮೊದಲೇ ನಿರ್ಧಾರ ಮಾಡ್ಕೊಳ್ಳಿ.

ಇನ್ನೊಂದು ವಿಷಯ, ರಂಜಾನ್ ತಿಂಗಳು ಪ್ರತಿ ವರ್ಷ 10-11 ದಿನ ಹಿಂದಕ್ಕೆ ಬರುತ್ತೆ. ಆ ತಿಂಗಳು ಅಂಗಡಿ, ಪಾರ್ಕ್‌ಗಳ ಸಮಯ ಬದಲಾಗುತ್ತೆ. ಹೋಗಬಾರದು ಅಂತಲ್ಲ, ಸಮಯ ವಿಚಾರಿಸಿಕೊಂಡು ಹೋಗಬೇಕು.

ಪಾಸ್‌ಪೋರ್ಟ್: ಕೈಕೂಸಿಗೂ ಬೇಕು

ಅಮ್ಮನ ಪಾಸ್‌ಪೋರ್ಟಲ್ಲಿ ಮಗುವಿನ ಹೆಸರು ಸೇರಿಸೋ ಕಾಲ ಹೋಯ್ತು. ಹುಟ್ಟಿದ ಮಗುವಿಗೂ ಪ್ರತ್ಯೇಕ ಪಾಸ್‌ಪೋರ್ಟ್ ಆಗಲೇಬೇಕು. ಆನ್‌ಲೈನಲ್ಲಿ ಅರ್ಜಿ ಹಾಕಿ, ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಂಥ ಕಡೆ ದಿನ ಗೊತ್ತು ಮಾಡ್ಕೊಂಡು ಹೋಗಬೇಕು. ತಂದೆ-ತಾಯಿ ಇಬ್ಬರೂ ಸಹಿ ಹಾಕುವ ಒಪ್ಪಿಗೆ ಪತ್ರ (ಅನೆಕ್ಸರ್ ಡಿ) ಬೇಕು. 4 ವರ್ಷದೊಳಗಿನ ಮಗುವಿನ ಬಿಳಿ ಹಿನ್ನೆಲೆಯ ಫೋಟೋ ನೀವೇ ತಗೊಂಡು ಹೋಗಬೇಕು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಗುವಾದರೆ ವಯಸ್ಸಿನ ದಾಖಲೆಯಾಗಿ ಜನನ ಪ್ರಮಾಣಪತ್ರ ಮಾತ್ರ ನಡೆಯುತ್ತೆ. ಪ್ರಮಾಣಪತ್ರದಲ್ಲಿ ಹೆಸರೇ ಸೇರಿಸದೆ ಬಿಟ್ಟವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಅದನ್ನು ಮೊದಲು ಸರಿ ಮಾಡಿಸಿ, ಅದಕ್ಕೇ ದಿನ ಹಿಡಿಯೋದು. 8 ವರ್ಷದೊಳಗಿನ ಮಕ್ಕಳಿಗೆ ಹೊಸ ಪಾಸ್‌ಪೋರ್ಟ್ ಶುಲ್ಕದಲ್ಲಿ ಶೇ 10 ರಿಯಾಯಿತಿ ಇದೆ.

ಮಕ್ಕಳ ಪಾಸ್‌ಪೋರ್ಟ್ 10 ವರ್ಷಕ್ಕಲ್ಲ, 5 ವರ್ಷಕ್ಕೆ ಮುಗಿಯುತ್ತೆ. ಯುಎಇಗೆ ಹೋಗುವವರ ಪಾಸ್‌ಪೋರ್ಟ್‌ಗೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ಅಪ್ಪ-ಅಮ್ಮಂದು ಸರಿ ಇದ್ದು ಮಗುವಿನದ್ದೇ ಮುಗಿದಿರೋದು ಉಂಟು, ಇವತ್ತೇ ತೆಗೆದು ನೋಡಿ.

ವೀಸಾ ಸಾಮಾನ್ಯವಾಗಿ ಏಜೆಂಟ್ ಅಥವಾ ವಿಮಾನ ಕಂಪನಿ ಮೂಲಕ ಆಗುತ್ತೆ. 30 ದಿನ, 60 ದಿನ ಅಂತ ಎರಡು ಬಗೆ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಕೇಳ್ತಾರೆ. ಬಾವನ ಮನೆಯಲ್ಲಿ ಉಳಿಯೋದಾದರೆ ಅವರ ಎಮಿರೇಟ್ಸ್ ಐಡಿ, ಮನೆ ಬಾಡಿಗೆ ಕರಾರಿನ ಪ್ರತಿ ಮೊದಲೇ ತರಿಸಿಟ್ಟುಕೊಳ್ಳಿ. ವೀಸಾ ಮುಗಿದು ಉಳಿದರೆ ದಿನಕ್ಕೆ 50 ದಿರ್ಹಾಮ್ ದಂಡ, ಅದೂ ತಲೆಗೆ.

ವಿಮಾನದಲ್ಲಿ 2 ವರ್ಷದೊಳಗಿನ ಮಗು ತೊಡೆ ಮೇಲೆ ಕೂರಬಹುದು. ಆದರೆ ವಾಪಸ್ ಬರೋ ದಿನಕ್ಕೆ 2 ವರ್ಷ ತುಂಬಿದ್ದರೆ ಬರುವಾಗ ಸೀಟ್ ಬೇಕು. ಹುಟ್ಟುಹಬ್ಬದ ಆಸುಪಾಸು ಹೋಗೋರು ಇದನ್ನು ಗಮನಿಸಿ.

ಬ್ಯಾಗಲ್ಲಿ ಏನು ಇರಬಾರದು

ಇದನ್ನು ಅಜ್ಜಿಗೂ ಓದಿ ಹೇಳಿ. ಯಾಕಂದ್ರೆ ಕೊನೇ ಗಳಿಗೆಯಲ್ಲಿ ಪೊಟ್ಟಣ ಕಟ್ಟಿ ಕೊಡೋದು ಅವರೇ.

ಗಸಗಸೆ: ನಮಗೆ ಪಾಯಸದ ಸಾಮಾನು. ಯುಎಇಯಲ್ಲಿ ಅದು ಮಾದಕ ವಸ್ತು ಕಾನೂನಿನಡಿ ನಿಷೇಧ. ಬರೀ ಗಸಗಸೆ ಮಾತ್ರ ಅಲ್ಲ, ಗಸಗಸೆ ಹಾಕಿದ ಮನೆ ಮಸಾಲೆ ಪುಡಿ, ಸಿಹಿತಿಂಡಿಯೂ ಬೇಡ. ಸ್ವಲ್ಪವೇ ತಾನೆ ಅನ್ನೋ ಮಾತು ಅಲ್ಲಿ ನಡೆಯಲ್ಲ.

ವೀಳ್ಯದೆಲೆ, ಪಾನ್, ಗುಟ್ಕಾ: ಇವೂ ನಿಷೇಧ. ಕವಳ ಹಾಕೋ ಹಿರಿಯರು ಜೊತೆಗಿದ್ದರೆ ಅವರ ಸಂಚಿ ಮನೆಯಲ್ಲೇ ಉಳಿಯಲಿ.

ಒಣ ಕೊಬ್ಬರಿ: ಎಣ್ಣೆ ಅಂಶ ಜಾಸ್ತಿ, ಬೇಗ ಬೆಂಕಿ ಹಿಡಿಯುತ್ತೆ ಅಂತ ವಿಮಾನದ ಲಗೇಜಲ್ಲಿ ಬಿಡಲ್ಲ.

ಔಷಧಿ: ಮಕ್ಕಳಿದ್ದ ಮನೆಯವರು ಇದನ್ನು ಸರಿಯಾಗಿ ಓದಿ. ನಮ್ಮಲ್ಲಿ ಕೆಮ್ಮಿಗೆ ಕೊಡುವ ಕೆಲವು ಸಿರಪ್‌ಗಳಲ್ಲಿ ಕೋಡೀನ್ ಇರುತ್ತೆ. ದೊಡ್ಡವರ ನೋವಿನ ಮಾತ್ರೆಯಲ್ಲಿ ಟ್ರಾಮಡಾಲ್, ನಿದ್ದೆ ಮಾತ್ರೆಯಲ್ಲಿ ಅಲ್‌ಪ್ರಜೋಲಾಮ್ ಇರಬಹುದು. ಇವೆಲ್ಲ ಅಲ್ಲಿ ನಿಯಂತ್ರಿತ ಔಷಧಿಗಳು. ತಗೊಂಡು ಹೋಗಲೇಬೇಕು ಅಂದ್ರೆ ಯುಎಇ ಸರ್ಕಾರದ ಆನ್‌ಲೈನ್ ಅನುಮತಿ ಮೊದಲೇ ಪಡೀಬೇಕು. ಬಾಟಲಿ ಹಿಂದಿನ ಸಣ್ಣ ಅಕ್ಷರ ಅರ್ಥ ಆಗದಿದ್ದರೆ ಮೆಡಿಕಲ್‌ನವರಿಗೆ ತೋರಿಸಿ ಕೇಳಿ. ಜ್ವರಕ್ಕೆ ಪ್ಯಾರಸಿಟಮಾಲ್, ಓಆರ್‌ಎಸ್ ಪುಡಿಯಂಥವು ತೊಂದರೆ ಇಲ್ಲ. ಯಾವ ಔಷಧಿಯೇ ಇರಲಿ, ಮೂಲ ಪ್ಯಾಕೆಟಲ್ಲೇ ಇರಲಿ, ಡಾಕ್ಟರ ಇಂಗ್ಲಿಷ್ ಚೀಟಿ ಜೊತೆಗಿರಲಿ.

ಇನ್ನೊಬ್ಬರ ಪೊಟ್ಟಣ: "ಹೇಗೂ ಹೋಗ್ತೀರಲ್ಲ, ನಮ್ಮ ಹುಡುಗನಿಗೆ ಇದೊಂದು ಕೊಟ್ಬಿಡಿ" ಅಂತ ಕೊಡೋರು ನಮ್ಮೂರಲ್ಲಿ ಜಾಸ್ತಿ. ಅವರ ಮನಸ್ಸಲ್ಲಿ ಕೆಟ್ಟದ್ದು ಏನೂ ಇರಲ್ಲ. ಆದರೆ ಆ ಮಸಾಲೆ ಪೊಟ್ಟಣದೊಳಗೆ ಏನಿದೆ ಅಂತ ಕಸ್ಟಮ್ಸ್‌ನಲ್ಲಿ ಉತ್ತರ ಕೊಡಬೇಕಾದವರು ನೀವು. ನಿಮ್ಮೆದುರಿಗೇ ಬಿಚ್ಚಿ ನೋಡಿ ಕಟ್ಟಿದ್ದಾದರೆ ಮಾತ್ರ ತಗೊಳ್ಳಿ, ಇಲ್ಲಾಂದ್ರೆ ಲಗೇಜ್ ತೂಕ ಜಾಸ್ತಿ ಆಯ್ತು ಅಂತ ಕೈಮುಗಿದುಬಿಡಿ.

ಬ್ಯಾಗಲ್ಲಿ ಇರಲೇಬೇಕಾದ್ದು ಹೇಳೋದಾದರೆ ಚೌಕ ಮೂರು ಪಿನ್ನಿನ ಅಡಾಪ್ಟರ್ (ನಮ್ಮ ಚಾರ್ಜರ್ ಪಿನ್ ಅಲ್ಲಿ ಕೂರಲ್ಲ), ಟೊಪ್ಪಿ, ಉದ್ದ ತೋಳಿನ ಹತ್ತಿ ಬಟ್ಟೆ, ಮಡಚುವ ತಳ್ಳುಗಾಡಿ, ಮತ್ತು ಒಂದು ಸ್ವೆಟರ್. ಹೊರಗೆ ಸೆಕೆ ಇದ್ದರೂ ಮಾಲ್, ಮೆಟ್ರೋ ಒಳಗೆ ಎಸಿ ಜೋರು. ಬೆವರಿದ ಮಗು ಹಾಗೇ ಎಸಿಗೆ ಹೊಕ್ಕರೆ ನಡುಗುತ್ತೆ.

ದಿನಕ್ಕೆ ಒಂದೇ ಜಾಗ

ಏಜೆಂಟರ ಪ್ಯಾಕೇಜ್ ನೋಡಿ. ಬೆಳಗ್ಗೆ ಒಂದು, ಮಧ್ಯಾಹ್ನ ಎರಡು, ರಾತ್ರಿ ಬೋಟಲ್ಲಿ ಊಟ. ದೊಡ್ಡವರಿಗೆ ಸರಿ. ಚಿಕ್ಕ ಮಕ್ಕಳ ಜೊತೆ ಅದು ಆಗೋ ಮಾತಲ್ಲ. ದಿನಕ್ಕೆ ಒಂದು ದೊಡ್ಡ ಜಾಗ, ಮಧ್ಯಾಹ್ನ ರೂಮಲ್ಲಿ ಊಟ-ನಿದ್ದೆ, ಸಂಜೆ ಮನಸ್ಸಿದ್ದರೆ ಒಂದು ಸಣ್ಣ ಸುತ್ತು. ಇಷ್ಟೇ ಇಟ್ಟುಕೊಳ್ಳಿ.

ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಇಲ್ಲಿ 9ಕ್ಕೆ ಮಲಗೋ ಮಗುವಿಗೆ ಅಲ್ಲಿ 7.30ಕ್ಕೇ ನಿದ್ದೆ, ಬೆಳಗ್ಗೆ 5ಕ್ಕೇ ಎಚ್ಚರ. ನಾಲ್ಕೈದು ದಿನಕ್ಕೋಸ್ಕರ ಇದನ್ನು ಬದಲಾಯಿಸೋಕೆ ಹೋಗಬೇಡಿ. ಬೆಳಗಿನ ತಂಪು ಹೊತ್ತು ಸಿಕ್ತು ಅಂತ ತಿಳ್ಕೊಂಡು ಬೀಚು, ಪಾರ್ಕು ಎಲ್ಲ ಬೆಳಗ್ಗೆಯೇ ಮುಗಿಸಿ. ರಾತ್ರಿ 9ರ ಕಾರ್ಯಕ್ರಮ ಅಂದ್ರೆ ಮಗುವಿಗೆ ಅದು ಹತ್ತೂವರೆ.

ತಂಪು ತಿಂಗಳಲ್ಲಿ ಐದು ದಿನ ಹೋಗೋರಿಗೆ ಒಂದು ಲೆಕ್ಕ ಹೀಗಿರಬಹುದು:

1ನೇ ದಿನ: ಇಳಿದು ಮಲಗಿ. ಸಂಜೆ ಹಳೇ ದುಬೈಯ ಖಾರಿಯಲ್ಲಿ ಅಬ್ರಾ ದೋಣಿ. ದೇರಾ ಮತ್ತು ಬರ್ ದುಬೈ ನಡುವೆ ದಾಟೋಕೆ ತಲೆಗೆ 1 ದಿರ್ಹಾಮ್. ಗಂಗೊಳ್ಳಿ ಕಡವಿನ ದೋಣಿ ನೋಡಿದ ಮಕ್ಕಳಿಗೂ ಇದು ಖುಷಿ. ಇಡೀ ಪ್ರವಾಸದಲ್ಲಿ ಇಷ್ಟು ಅಗ್ಗದ ಮಜಾ ಬೇರೆ ಇಲ್ಲ.

2ನೇ ದಿನ: ದುಬೈ ಮಾಲ್. ಅಕ್ವೇರಿಯಂನ ದೊಡ್ಡ ಗಾಜಿನ ಗೋಡೆ ಟಿಕೆಟ್ ಇಲ್ಲದೆ ಮಾಲ್ ಒಳಗಿಂದಲೇ ಕಾಣುತ್ತೆ. ಚಿಕ್ಕವರಿಗೆ ಅದೇ ಸಾಕು. ಹೊರಗೆ 828 ಮೀಟರ್ ಎತ್ತರದ ಬುರ್ಜ್ ಖಲೀಫಾ. ಮೇಲೆ ಹತ್ತಲೇಬೇಕು ಅಂದ್ರೆ ಸೂರ್ಯಾಸ್ತದ ಹೊತ್ತಿನ ಟಿಕೆಟ್ ದುಬಾರಿ, ಬೆಳಗಿನದ್ದು ಕಡಿಮೆ. ಸಂಜೆ ಕಾರಂಜಿ ನೋಡೋಕೆ ದುಡ್ಡಿಲ್ಲ. ಮೊದಲ ಆಟ ನೋಡಿ ವಾಪಸ್ ಹೊರಡಿ. ಮೆಟ್ರೋ ಸ್ಟೇಷನ್‌ನಿಂದ ಮಾಲಿಗೆ ಮುಚ್ಚಿದ ದಾರಿಯಲ್ಲೇ ತುಂಬ ನಡೀಬೇಕು, ತಳ್ಳುಗಾಡಿ ಮರೀಬೇಡಿ.

3ನೇ ದಿನ: ಬೆಳಗ್ಗೆ ಬೀಚ್. ಕೈಟ್ ಬೀಚ್‌ನಂಥ ಸಾರ್ವಜನಿಕ ಬೀಚ್‌ಗಳಿಗೆ ಟಿಕೆಟ್ ಇಲ್ಲ. 10ರೊಳಗೆ ಎದ್ದು ಬನ್ನಿ. ಉಳಿದ ದಿನ ರೂಮು, ಇಲ್ಲಾ ಸಂಬಂಧಿಕರ ಮನೆ.

4ನೇ ದಿನ: ಝಬೀಲ್ ಪಾರ್ಕ್ (ಪ್ರವೇಶ 5 ದಿರ್ಹಾಮ್), ಅಲ್ಲೇ 150 ಮೀಟರ್ ಎತ್ತರದ ದುಬೈ ಫ್ರೇಮ್, ಅದಕ್ಕೆ ಬೇರೆ ಟಿಕೆಟ್. ಇಲ್ಲಾ ಮಿರಾಕಲ್ ಗಾರ್ಡನ್. ಎರಡರಲ್ಲಿ ಒಂದು.

5ನೇ ದಿನ: ಮರಳುಗಾಡು. ಜೀಪನ್ನು ಮರಳುದಿಬ್ಬದ ಮೇಲೆ ಹತ್ತಿಸಿ ಇಳಿಸಿ ಕುಲುಕಾಡಿಸೋ ಸಫಾರಿ ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ಬೇಡವೇ ಬೇಡ. ಹೆಚ್ಚಿನ ಕಂಪನಿಯವರು ಕೇಳಿದರೆ ನೇರ ಕ್ಯಾಂಪಿಗೇ ಬಿಡ್ತಾರೆ. ಬುಕ್ ಮಾಡುವಾಗಲೇ ಹೇಳಿ ಬರವಣಿಗೆಯಲ್ಲಿ ತಗೊಳ್ಳಿ. ಮಕ್ಕಳಿಗೆ ಮರಳಲ್ಲಿ ಆಡೋಕೆ ಬಿಟ್ಟರೆ ಮುಗೀತು, ಜೀಪು ಬೇಕಿಲ್ಲ.

ಹಿರಿಯರು ಜೊತೆಗಿದ್ದರೆ 2024ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಅಬುಧಾಬಿಯ ಬಿಎಪಿಎಸ್ ಮಂದಿರ ನೋಡಬೇಕು ಅಂತಾರೆ. ದುಬೈಯಿಂದ ರಸ್ತೆಯಲ್ಲಿ ಗಂಟೆ ಮೇಲಾಗುತ್ತೆ, ಸೋಮವಾರ ರಜೆ. ಹೋಗೋದಾದರೆ ಅವತ್ತು ಬೇರೆ ಏನೂ ಇಟ್ಟುಕೊಳ್ಳಬೇಡಿ.

ಎಲ್ಲಿ ಉಳಿಯೋದು, ಹೇಗೆ ಓಡಾಡೋದು

ಬರ್ ದುಬೈ, ಕರಾಮ, ದೇರಾ ಕಡೆ ಉಳಿದರೆ ಇಡ್ಲಿ-ದೋಸೆ, ಮೊಸರನ್ನ, ಊಟದ ಹೋಟೆಲ್ ನಡೆಯೋ ದೂರದಲ್ಲಿ. ಊಟ ಸೇರದ ಮಗು ಇದ್ದವರಿಗೆ ಇದು ಸಣ್ಣ ವಿಷಯ ಅಲ್ಲ. ಅಡುಗೆಮನೆ ಇರುವ ಹೋಟೆಲ್ ಅಪಾರ್ಟ್‌ಮೆಂಟ್ ಸಿಕ್ಕರೆ ಇನ್ನೂ ಒಳ್ಳೇದು. ಗಂಜಿ ಬೇಯಿಸಬಹುದು, ಹಾಲು ಕಾಯಿಸಬಹುದು. ಮೆಟ್ರೋ ಸ್ಟೇಷನ್ ಹತ್ತಿರವೇ ನೋಡಿ. ರೂಮ್ ಬಾಡಿಗೆ ಅಲ್ಲದೆ ರಾತ್ರಿಗೆ ರೂಮೊಂದಕ್ಕೆ 7ರಿಂದ 20 ದಿರ್ಹಾಮ್ ಪ್ರವಾಸೋದ್ಯಮ ಶುಲ್ಕ ಇದೆ. ಅದನ್ನು ಹೆಚ್ಚಾಗಿ ಹೋಟೆಲಲ್ಲೇ ಕಟ್ಟಬೇಕು.

ಮೆಟ್ರೋದಲ್ಲಿ 5 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ದೊಡ್ಡವರಿಗೆ ನೋಲ್ ಸಿಲ್ವರ್ ಕಾರ್ಡಲ್ಲಿ ದೂರ ನೋಡಿ 3, 5 ಅಥವಾ 7.5 ದಿರ್ಹಾಮ್. ಎಲ್ಲ ಸ್ಟೇಷನ್‌ನಲ್ಲೂ ಲಿಫ್ಟ್ ಇದೆ. ಹೆಂಗಸರು-ಮಕ್ಕಳಿಗೆ ಬೇರೆ ಬೋಗಿ ಇದೆ, ಅದಕ್ಕೆ ಗಂಡಸರು ಹತ್ತಿದರೆ 100 ದಿರ್ಹಾಮ್ ದಂಡ. ಮೆಟ್ರೋ ಒಳಗೆ ತಿನ್ನೋದು ಕುಡಿಯೋದಕ್ಕೂ 100 ದಿರ್ಹಾಮ್. ಅತ್ತ ಮಗುವಿಗೆ ಬಿಸ್ಕತ್ತು ಕೊಡೋ ನಮ್ಮ ಅಭ್ಯಾಸ ಅಲ್ಲಿ ದುಬಾರಿ. ಹತ್ತೋ ಮೊದಲೇ ತಿನ್ನಿಸಿ, ಕುಡಿಸಿ.

ಕಾರಿನ ವಿಷಯದಲ್ಲಿ ಅಲ್ಲಿನ ಕಾನೂನು ಬಿಗಿ. 4 ವರ್ಷದೊಳಗಿನ ಮಗುವಿಗೆ ಮಕ್ಕಳ ಸೀಟ್ ಕಡ್ಡಾಯ, ತಪ್ಪಿದರೆ ಚಾಲಕನಿಗೆ 400 ದಿರ್ಹಾಮ್ ದಂಡ. 10 ವರ್ಷದೊಳಗಿನವರು ಮುಂದಿನ ಸೀಟಲ್ಲಿ ಕೂರುವಂತಿಲ್ಲ. ಬಾವ ಏರ್‌ಪೋರ್ಟಿಗೆ ಕಾರು ತರ್ತಾರೆ ಅಂದ್ರೆ ಸೀಟ್ ಹೊಂದಿಸೋಕೆ ಮೊದಲೇ ಹೇಳಿ. ತೊಡೆ ಮೇಲೆ ಕೂರಿಸ್ಕೊಂಡು ಹೋಗೋದು ಇಲ್ಲಿಗೇ ಸಾಕು. ನಿಜ ಹೇಳಬೇಕಂದ್ರೆ ಇಲ್ಲೂ ಬೇಡ.

ಬಿಸಿಲು ತಾಗಿದೆ ಅಂತ ಗೊತ್ತಾಗೋದು ಹೇಗೆ

ಚಿಕ್ಕ ಮಕ್ಕಳು ದೊಡ್ಡವರಿಗಿಂತ ಬೇಗ ಬಿಸಿಯಾಗ್ತಾರೆ, ಬಾಯಾರಿಕೆ ಅಂತ ಹೇಳೋಕೂ ಬರಲ್ಲ. ಬಾಯಿ ಒಣಗೋದು, ಅತ್ತರೂ ಕಣ್ಣೀರು ಬಾರದಿರೋದು, ಆರು ಗಂಟೆಯಾದರೂ ಉಚ್ಚೆ ಹೊಯ್ಯದಿರೋದು, ಸುಮ್ಮನೆ ಮಂಕಾಗಿ ಬಿದ್ದಿರೋದು, ಇವು ನೀರು ಕಡಿಮೆಯಾದ ಗುರುತು. ಕೂಡಲೇ ತಂಪು ಜಾಗಕ್ಕೆ ಕರ್ಕೊಂಡು ಹೋಗಿ ಓಆರ್‌ಎಸ್ ಸ್ವಲ್ಪ ಸ್ವಲ್ಪ ಕುಡಿಸಿ. ಮೈ ಕೆಂಡದ ಹಾಗಿದ್ದು ಎಚ್ಚರ ತಪ್ಪಿದಂತಿದ್ದರೆ ಕಾಯಬೇಡಿ, ಆಂಬ್ಯುಲೆನ್ಸ್ 998, ಪೊಲೀಸ್ 999. 6 ತಿಂಗಳೊಳಗಿನ ಕೂಸಿಗೆ ನೀರು ಬೇಡ, ಎದೆಹಾಲನ್ನೇ ಹೆಚ್ಚು ಸಲ ಕೊಡಿ.

ತಳ್ಳುಗಾಡಿ ಮೇಲೆ ಬಟ್ಟೆ ಹೊದೆಸಿ ನೆರಳು ಮಾಡೋದು ಒಳ್ಳೇದಲ್ಲ. ಗಾಳಿಯಾಡದೆ ಒಳಗೆ ಒಲೆ ಹಾಗಾಗುತ್ತೆ. ಎರಡು ನಿಮಿಷಕ್ಕೂ ಮಗುವನ್ನು ನಿಂತ ಕಾರಲ್ಲಿ ಬಿಡಬೇಡಿ. ಅಲ್ಲಿ ಆಸ್ಪತ್ರೆ ಖರ್ಚು ಜಾಸ್ತಿ, ಹಾಗಾಗಿ ಮಕ್ಕಳನ್ನೂ ಸೇರಿಸಿ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸದೆ ಹೊರಡಬೇಡಿ.

ದುಡ್ಡಿನ ವಿಚಾರ

ದಿರ್ಹಾಮ್‌ನ್ನು 25 ರೂಪಾಯಿ ಅಂತ ಲೆಕ್ಕ ಹಾಕ್ತಾ ಹೋಗಿ, ಅಂದಾಜು ಸರಿ ಬರುತ್ತೆ. ಬದಲಾಯಿಸೋ ದಿನದ ದರ ಮಾತ್ರ ನೋಡಿಕೊಳ್ಳಿ. ಕೆಲವು ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತೆ, ಅದನ್ನೇ ನಂಬಿ ಹೋಗಬೇಡಿ. ವಿದೇಶ ಪ್ಯಾಕೇಜ್ ತಗೊಂಡರೆ ಏಜೆಂಟರು ಟಿಸಿಎಸ್ ಹಿಡೀತಾರೆ. ಅದು ಹೋದ ದುಡ್ಡಲ್ಲ, ಐಟಿ ರಿಟರ್ನ್‌ನಲ್ಲಿ ಹೊಂದಿಸ್ಕೊಳ್ಳಬಹುದು. ಬಿಲ್ ಯಾರ ಪಾನ್ ನಂಬರಿಗೆ ಆಗ್ತಿದೆ ನೋಡಿ.

ಚಿನ್ನ ಅಗ್ಗ ಅಂತ ತರೋ ಯೋಚನೆ ಇದ್ದರೆ ಒಂದು ಮಾತು. ಸುಂಕವಿಲ್ಲದೆ ಆಭರಣ ತರೋ ಅವಕಾಶ ಇರೋದು ಒಂದು ವರ್ಷಕ್ಕಿಂತ ಹೆಚ್ಚು ವಿದೇಶದಲ್ಲಿ ಇದ್ದವರಿಗೆ. ವಾರಕ್ಕೆ ಹೋಗಿ ಬರೋ ಪ್ರವಾಸಿಗೆ ಅಲ್ಲ. ಇಲ್ಲಿಂದ ಜಾಸ್ತಿ ಒಡವೆ ಹಾಕ್ಕೊಂಡು ಹೋಗೋರು ಹೊರಡುವಾಗಲೇ ಕಸ್ಟಮ್ಸ್‌ನಲ್ಲಿ ಬರೆಸಿ ಪತ್ರ ತಗೊಂಡರೆ ವಾಪಸ್ ಬರುವಾಗ ವಾದ ಇರಲ್ಲ. ಮಗುವಿನ ಬಳೆ, ಸರ ಮನೆಯಲ್ಲೇ ಇಟ್ಟು ಹೋದರೆ ಇನ್ನೂ ನಿರಾಳ.

ಹೊರಡೋ ಮೊದಲು ಒಮ್ಮೆ

* 3 ತಿಂಗಳು ಮೊದಲು: ಮಕ್ಕಳ ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ.
* 1 ತಿಂಗಳು ಮೊದಲು: ವೀಸಾ ದಾಖಲೆ, ಇನ್ಶೂರೆನ್ಸ್, ಔಷಧಿ ಪಟ್ಟಿ ಡಾಕ್ಟರ ಹತ್ತಿರ.
* 1 ವಾರ ಮೊದಲು: ಹವಾಮಾನ, ವಿಮಾನದ ಸಮಯ, ವಿದೇಶಾಂಗ ಇಲಾಖೆಯ ಸೂಚನೆ ಇದ್ದರೆ ಅದು.
* ಹಿಂದಿನ ದಿನ: ಬ್ಯಾಗ್ ಇನ್ನೊಮ್ಮೆ ಬಿಚ್ಚಿ ನೋಡಿ. ಗಸಗಸೆ, ವೀಳ್ಯದೆಲೆ, ಕೆಮ್ಮಿನ ಸಿರಪ್, ಬೇರೆಯವರ ಪೊಟ್ಟಣ.

ಹತ್ತು ಜಾಗ ಬಿಟ್ಟುಹೋಯ್ತು ಅಂತ ಬೇಜಾರು ಮಾಡ್ಕೊಳ್ಳಬೇಡಿ. ಮಗುವಿಗೆ ನೆನಪಿರೋದು ಎತ್ತರದ ಕಟ್ಟಡ ಅಲ್ಲ, ದೋಣಿ, ಮೀನು, ಮರಳು. ಮೂರೂ ಸೇರಿ ನಾಲ್ಕು ಜನರ ಸಂಸಾರಕ್ಕೆ ಆಗೋ ಖರ್ಚು ಒಂದು ಟ್ಯಾಕ್ಸಿ ಬಾಡಿಗೆಯಷ್ಟೂ ಇಲ್ಲ.